ವಿನೋದಮಾರ್ಗದಲ್ಲಿ ಅರ್ಥವಿದ್ಯೆ

ವಿದ್ಯೆಗಳಲ್ಲಿ ಕೆಲವು ಸ್ವಭಾವತಃ ಸರಸವಾದುವು, ಕೆಲವು ಸ್ವಭಾವತಃ ನೀರಸವಾದುವು. ಕಾವ್ಯವನ್ನೂ ಸಂಗೀತವನ್ನೂ ಕಲಿಯಹೊರಟವನಿಗೆ ರುಚಿಯೇ ಗುರುವಾಗಿ ಒದಗುವುದು. ಆಯವ್ಯಯ, ಬಡ್ಡಿ, ತೆರಿಗೆ, ನಾಣ್ಯ, ಬೆಲೆಯ ಏರಿಳಿತ ಎಂಬಿವುಗಳಿಗೆ ಅಂತಹ ಆಕರ್ಷಣೆಯಿಲ್ಲ. ಆದರೂ ಕಾವ್ಯವನ್ನರಿಯದವನು ಹೇಗೋ ಬಾಳಿಯಾನು. ಬಡ್ಡಿಯ ಲೆಕ್ಕವನ್ನರಿಯದವನು ಮನೆಮಾರುಗಳನ್ನು ಕಳೆದುಕೊಂಡಾನು. ಅತ್ಯವಶ್ಯಕವೂ ಅತಿನೀರಸವೂ ಆದ ಈ ವಿದ್ಯೆಯನ್ನು ಜನರಿಗೆ ಮುಟ್ಟಿಸುವುದು ಹೇಗೆಂಬ ಪ್ರಶ್ನೆಯು ಹಿಂದಿನಿಂದಲೂ ವಿದ್ವಾಂಸರನ್ನು ಕಾಡಿದೆ. ಕಥೆ, ಒಗಟು, ಹಾಡು, ಚಲನಚಿತ್ರ ಇವುಗಳೊಳಗೆ ಅರ್ಥವಿಚಾರವನ್ನು ಅಡಗಿಸಿ ಕೊಡುವುದು ಆ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಮುಖ್ಯವಾದುದು. ಆ ಉತ್ತರವು ಕನ್ನಡನಾಡಿನಲ್ಲಿ ಎಷ್ಟರಮಟ್ಟಿಗೆ ಫಲಿಸಿತು, ಎಲ್ಲಿ ಕೊರತೆಯಾಯಿತು ಎಂಬುದನ್ನು ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನ ಪಶ್ಚಿಮಭಾಗದಲ್ಲಿ ಈ ವಿಚಾರಕ್ಕೆ ಈಗ ಒಂದು ಹೊಸ ನಿದರ್ಶನವು ಕಾಣಬರುತ್ತಿದೆ. ವಿಜಯನಗರ, ಚಂದ್ರಾ ಬಡಾವಣೆ ಮೊದಲಾದ ಕಡೆಗಳಲ್ಲಿ ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ ಅಣಿಗೊಳಿಸುವ ತರಬೇತಿ ಕೇಂದ್ರಗಳು ಬಹಳ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಅಲ್ಲಿಯ ಪಿಜಿಗಳಲ್ಲಿ ತಂಗಿ ವರ್ಷಗಟ್ಟಲೆ ಓದುತ್ತಾರೆ. ಕನ್ನಡ ಮಾಧ್ಯಮದಲ್ಲಿ ಕಲಿತುಬಂದ ಇವರಿಗೆ ಅರ್ಥಶಾಸ್ತ್ರವು ಕಬ್ಬಿಣದ ಕಡಲೆ. ಒಳ್ಳೆಯ ಪಠ್ಯಗ್ರಂಥಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿಯೇ ಇವೆ. ಆದುದರಿಂದ ಹಲವರು ಅಂತರ್ಜಾಲದ ವಿಡಿಯೋಗಳನ್ನು ಆಶ್ರಯಿಸುತ್ತಾರೆ. ೨೦೧೫ರಲ್ಲಿ ವಿಜಯನಗರವನ್ನೂ ೨೦೨೧ರಲ್ಲಿ ಕೆಂಗೇರಿಯನ್ನೂ ಮುಟ್ಟಿದ ಮೆಟ್ರೋ ಗಾಡಿಯಲ್ಲಿ ಕುಳಿತವರ ಕೈಯಲ್ಲಿ ಹಣದುಬ್ಬರವೆಂದರೇನು, ರೆಪೋ ದರವು ಏರಿದರೆ ಮನೆಯ ಸಾಲದ ಕಂತು ಏಕೆ ಏರುವುದು ಎಂಬುದನ್ನು ಹಾಸ್ಯದ ಮಾತುಗಳಿಂದಲೂ ಸಿನಿಮಾ ಸಂಭಾಷಣೆಗಳಿಂದಲೂ ವಿವರಿಸುವ ಚಿತ್ರಗಳು ಓಡುತ್ತಿರುತ್ತವೆ. ರಾಜಾಜಿನಗರ, ಬಸವೇಶ್ವರನಗರಗಳ ಗೃಹಸ್ಥರೂ ನಿವೃತ್ತರೂ ಠೇವಣಿ, ಮ್ಯೂಚುಯಲ್ ಫಂಡ್, ಷೇರು ಎಂಬಿವುಗಳ ವಿಷಯವನ್ನು ಇದೇ ಮಾರ್ಗದಿಂದ ತಿಳಿಯುತ್ತಿದ್ದಾರೆ.

ಇದನ್ನು ಕಂಡು ಕೆಲವರು ವಿದ್ಯೆಗೆ ಸುಗ್ಗಿಯಾಯಿತೆಂದು ಹಿಗ್ಗುವರು. ಕೆಲವರು ವಿದ್ಯೆಯು ಆಟಿಕೆಯಾಯಿತೆಂದು ಮರುಗುವರು. ಇಬ್ಬರೂ ಇದನ್ನು ಹಿಂದೆಂದೂ ಇಲ್ಲದ ಸಂಗತಿಯೆಂದು ಭಾವಿಸುವುದು ಮಾತ್ರ ಸರಿಯಲ್ಲ. ಕನ್ನಡದ ಮೊದಮೊದಲ ಗ್ರಂಥಗಳಲ್ಲಿಯೇ ಇದರ ಬೇರುಗಳಿವೆ.

ಕ್ರಿ. ಶ. ೧೦೩೧ರ ಸುಮಾರಿನಲ್ಲಿ ದುರ್ಗಸಿಂಹನು ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದನು. ಈತನು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿ. ಎಂದರೆ ರಾಜ್ಯವ್ಯವಹಾರವನ್ನು ಕೈಯಾರೆ ನಡೆಯಿಸಿದವನು. ಅಂತಹ ಅಧಿಕಾರಿಯು ನರಿ, ಎತ್ತು, ಕಾಗೆ, ಗೂಬೆಗಳ ಕಥೆಯನ್ನು ಬರೆಯಲು ಕುಳಿತುದು ಕೇವಲ ಕಾಲಹರಣಕ್ಕಾಗಿ ಅಲ್ಲ. ಪಂಚತಂತ್ರದ ಕಟ್ಟೇ ಇದಕ್ಕೆ ಸಾಕ್ಷಿ. ಓದಿನಲ್ಲಿ ಮನಸ್ಸಿಲ್ಲದ ರಾಜಪುತ್ರರಿಗೆ ಶಾಸ್ತ್ರವನ್ನು ಕ್ರಮವಾಗಿ ಓದಿಸಹೊರಟರೆ ಆಯುಷ್ಯವೇ ಸಾಲದು. ಕಥೆಗಳ ಮೂಲಕ ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡುವೆನೆಂದು ವಿಷ್ಣುಶರ್ಮನು ಪ್ರತಿಜ್ಞೆಮಾಡಿದನೆಂಬುದು ಪ್ರಸಿದ್ಧವಾದ ಸಂಸ್ಕೃತ ಪಾಠದ ಪೀಠಿಕೆ. ನೀರಸವಾದ ಶಾಸ್ತ್ರವನ್ನು ಸ್ವಲ್ಪಕಾಲದಲ್ಲಿ, ಸಂತೋಷದಿಂದ, ಮನಸ್ಸಿಲ್ಲದವರಿಗೂ ಕಲಿಸಬಹುದೆಂಬ ಇಂದಿನ ವಿಡಿಯೋಕಾರರ ಮಾತಿಗೂ ಈ ಪ್ರತಿಜ್ಞೆಗೂ ಬಹು ದೂರವಿಲ್ಲ.

ಪಂಚತಂತ್ರವು ಅರ್ಥವಿಚಾರವನ್ನು ಹೇಗೆ ಕಲಿಸುವುದೆಂಬುದಕ್ಕೆ ಹಿಟ್ಟಿನ ಗಡಿಗೆಯ ಕಥೆಯೊಂದು ಸಾಕು. ತಿರಿದು ತಂದ ಹಿಟ್ಟಿನಲ್ಲಿ ಉಳಿದುದನ್ನು ಗಡಿಗೆಯಲ್ಲಿ ತುಂಬಿ ಗೂಟಕ್ಕೆ ತೂಗುಹಾಕಿದ ಬ್ರಾಹ್ಮಣನೊಬ್ಬನು ಅದರ ಕೆಳಗೆ ಮಲಗಿ ಎಣಿಕೆಹಾಕುತ್ತಾನೆ. ಕ್ಷಾಮ ಬಂದರೆ ಈ ಹಿಟ್ಟಿಗೆ ನೂರು ನಾಣ್ಯ ಬರುವುದು; ಅದರಿಂದ ಎರಡು ಆಡು; ಆರಾರು ತಿಂಗಳಿಗೆ ಮರಿಗಳಾಗಿ ಮಂದೆ; ಮಂದೆಯಿಂದ ಹಸುಗಳು, ಎಮ್ಮೆಗಳು, ಕುದುರೆಗಳು; ಬಳಿಕ ಹೊನ್ನು, ಮನೆ, ಹೆಂಡತಿ, ಸೋಮಶರ್ಮನೆಂಬ ಮಗ. ಮಗುವನ್ನು ಅಳಗೊಟ್ಟ ಹೆಂಡತಿಯನ್ನು ಒದೆಯುವೆನೆಂದು ಕಾಲೆತ್ತಿದಾಗ ಗಡಿಗೆ ಒಡೆದು ಹಿಟ್ಟೆಲ್ಲ ಮೈಮೇಲೆ ಸುರಿಯಿತು. ಮಕ್ಕಳು ಇಲ್ಲಿ ನಗುವರು. ಆದರೆ ನಗುವಿನೊಳಗೆ ನಾಲ್ಕು ಪಾಠಗಳುಂಟು. ಸರಕು ವಿರಳವಾದಾಗ ಬೆಲೆ ಏರುವುದು. ಬಂದ ಲಾಭವನ್ನು ಮತ್ತೆ ಹೂಡಿದರೆ ಲಾಭವು ಲಾಭವನ್ನು ಹೆರುವುದು. ಹಾಗೆಣಿಸುವವನು ಆಡು ಸಾಯುವುದನ್ನೂ ಮೇವಿನ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೂಲಧನವಾದ ಗಡಿಗೆಯನ್ನೇ ಭದ್ರಪಡಿಸಲಿಲ್ಲ. ಇಂದು ತಿಂಗಳಿಗೆ ಇಷ್ಟು ಹೂಡಿದರೆ ಇಪ್ಪತ್ತು ವರ್ಷಗಳಲ್ಲಿ ಕೋಟಿಯಾಗುವುದೆಂದು ಹೇಳುವ ವಿಡಿಯೋಗಳು ಹಲವು. ಅವುಗಳಲ್ಲಿ ಮಂದೆಯವರೆಗಿನ ಕಥೆಯು ಸೊಗಸಾಗಿ ಬರುವುದು. ಗಡಿಗೆ ಒಡೆಯುವ ಭಾಗವು ಬಹುಮಟ್ಟಿಗೆ ಬಿಟ್ಟುಹೋಗಿರುವುದು. ವಿನೋದವೆಂಬುದು ದೋಷವಲ್ಲ, ಒಡೆದ ಗಡಿಗೆಯನ್ನು ತೋರಿಸದ ವಿನೋದವು ದೋಷ.

ಕಥೆಗೆ ಇರುವ ಇನ್ನೊಂದು ಮಿತಿಯನ್ನು ಮೈಸೂರಿನ ಒಂದು ಸಂಗತಿಯು ಚೆನ್ನಾಗಿ ತೋರಿಸುತ್ತದೆ. ಪಂಚತಂತ್ರಕಾರನು ತನ್ನ ಗ್ರಂಥದ ಆರಂಭದಲ್ಲಿ ನಮಸ್ಕರಿಸುವ ಶಾಸ್ತ್ರಕಾರರಲ್ಲಿ ಚಾಣಕ್ಯನೂ ಒಬ್ಬನು. ಆ ಚಾಣಕ್ಯನದೆಂದು ಪ್ರಸಿದ್ಧವಾದ ಅರ್ಥಶಾಸ್ತ್ರವು ಮಾತ್ರ ಶತಮಾನಗಳ ಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಹೆಸರಿನಲ್ಲಿ ಉಳಿದಿದ್ದಿತು. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಯೋಲೆಯ ಪ್ರತಿಯಲ್ಲಿ ಅದನ್ನು ಗುರುತಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. ಅವರು ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಭಾಷಾಂತರವನ್ನೂ ಪ್ರಕಟಿಸಿದರು. ಹದಿನೈದು ಅಧಿಕರಣಗಳ ಆ ಗ್ರಂಥವು ಹೊರಬಂದಾಗ ಲೋಕವು ಬೆರಗಾಯಿತು. ತೂಕ ಅಳತೆಗಳ ಅಧ್ಯಕ್ಷನು ಯಾರು, ಬೊಕ್ಕಸವನ್ನು ಹೇಗೆ ಕಟ್ಟಬೇಕು, ಗಣಿಯಿಂದಲೂ ಹೊಲದಿಂದಲೂ ಬರತಕ್ಕ ಆದಾಯವೇನು, ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಉಪಾಯಗಳಾವುವು ಎಂಬುದೆಲ್ಲ ಅದರಲ್ಲಿ ಕ್ರಮವಾಗಿ ನಿರೂಪಿತವಾಗಿದ್ದಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಶಾಸ್ತ್ರವು ಮರೆಯಾಗಿದ್ದ ಆ ಕಾಲವೆಲ್ಲ ಕಥೆಯು ಬದುಕಿತ್ತು. ಅಜ್ಜಿಯರ ಬಾಯಲ್ಲಿ, ಊರಿನ ಜಗಲಿಯಲ್ಲಿ, ಶಾಲೆಯ ಪುಸ್ತಕದಲ್ಲಿ ಅದು ಎಂದೂ ಕಾಣೆಯಾಗಲಿಲ್ಲ. ವಿನೋದದ ಬಲವೇ ಇದು. ಆದರೆ ಕಥೆಗಳನ್ನೆಲ್ಲ ಕಂಠಪಾಠ ಬಲ್ಲವನೂ ಅವುಗಳಿಂದ ಆ ನಲವತ್ತು ಉಪಾಯಗಳನ್ನಾಗಲಿ, ಒಂದು ತೂಕದ ಪ್ರಮಾಣವನ್ನಾಗಲಿ, ಒಂದು ತೆರಿಗೆಯ ದರವನ್ನಾಗಲಿ ಮತ್ತೆ ಕಟ್ಟಿಕೊಳ್ಳುವಂತಿರಲಿಲ್ಲ. ಅದಕ್ಕೆ ತಾಳೆಯೋಲೆಯೇ ಬೇಕಾಯಿತು. ಕಥೆಯು ವಿವೇಕವನ್ನು ಕಾಪಾಡುವುದು, ಪ್ರಮಾಣವನ್ನು ಕಾಪಾಡಲಾರದು. ಅರ್ಥವಿದ್ಯೆಯಾದರೋ ಪ್ರಮಾಣದ ವಿದ್ಯೆ. ಎಷ್ಟು, ಎಂದು, ಯಾರಿಂದ, ಯಾರಿಗೆ ಎಂಬ ಪ್ರಶ್ನೆಗಳನ್ನು ಬಿಟ್ಟರೆ ಅದರಲ್ಲಿ ಉಳಿಯುವುದು ಅಲ್ಪ.

ಪ್ರಮಾಣವನ್ನೂ ವಿನೋದದೊಡನೆ ಕಲಿಸುವ ಬೇರೊಂದು ಪದ್ಧತಿಯು ನಮ್ಮಲ್ಲಿದ್ದಿತು. ಕ್ರಿ. ಶ. ೮೫೦ರ ಸುಮಾರಿನಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ಬರೆದನು. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಪ್ರಕಟಿಸಿದರು. ಅದರಲ್ಲಿ ಹೂವು, ಹಣ್ಣು, ಹಕ್ಕಿ, ದುಂಬಿಗಳ ರಮ್ಯವಾದ ವರ್ಣನೆಗಳೊಡನೆ ಬಡ್ಡಿ, ಪಾಲುಗಾರಿಕೆ, ಕ್ರಯವಿಕ್ರಯಗಳ ಲೆಕ್ಕಗಳಿವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಗ್ರಂಥಗಳಿಂದ ಈ ವಿದ್ಯೆಯನ್ನು ಕನ್ನಡಕ್ಕೆ ತಂದನು. ಈ ಮಾರ್ಗದಲ್ಲಿ ವಿನೋದವು ಪ್ರಶ್ನೆಯಲ್ಲಿರುವುದೇ ಹೊರತು ಉತ್ತರದಲ್ಲಿಲ್ಲ. ಕಥೆಯನ್ನು ಕೇಳಿದವನು ತಲೆದೂಗಿ ಎದ್ದುಹೋಗಬಹುದು. ಲೆಕ್ಕವನ್ನು ಕೇಳಿದವನು ಮಾಡಿ ತೋರಿಸಬೇಕು. ತಪ್ಪಿದರೆ ತಪ್ಪೆಂಬುದು ಅಲ್ಲಿಯೇ ತಿಳಿಯುವುದು. ಕಥೆಯ ಮಾರ್ಗ, ಲೆಕ್ಕದ ಮಾರ್ಗ ಎಂಬ ಈ ಎರಡರ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯು ಸುಲಭವಾಗಿ ಅರ್ಥವಾಗುವುದು.

ಶರಣರ ಮತ್ತು ದಾಸರ ಕಾಲದಲ್ಲಿ ಅರ್ಥವಿಚಾರವು ಧರ್ಮದೊಡನೆ ಬೆರೆತು ಹಾಡಾಯಿತು, ಮಾತಾಯಿತು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಕಾಯಕದಿಂದ ದುಡಿಯುವುದು, ದಾಸೋಹದಿಂದ ಹಂಚುವುದು ಎಂಬ ತತ್ತ್ವವನ್ನು ಭಂಡಾರದ ಲೆಕ್ಕವನ್ನರಿತವರೇ ಬೋಧಿಸಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಪುರಂದರದಾಸರು ಪೂರ್ವಾಶ್ರಮದಲ್ಲಿ ಧನಿಕ ವರ್ತಕರಾಗಿದ್ದರೆಂಬುದು ಸಂಪ್ರದಾಯ. ಅವರ ಕೀರ್ತನೆಗಳಲ್ಲಿ ಅಂಗಡಿ, ಸರಕು, ಲಾಭಗಳ ರೂಪಕಗಳು ಬರುವುದು ಅದಕ್ಕೆ ಅನುಗುಣವಾಗಿದೆ. ಇಂದು ಬಸವೇಶ್ವರನಗರವೆಂಬ ಹೆಸರನ್ನು ಉಚ್ಚರಿಸುವವರು ಅದು ಒಬ್ಬ ಭಂಡಾರಿಯ ಹೆಸರೂ ಹೌದೆಂಬುದನ್ನು ನೆನೆಯುವುದು ಅಪರೂಪ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅರ್ಥವಿದ್ಯೆಯನ್ನು ಜನರ ಕೈಗೆ ಕೊಡುವ ಪ್ರಯತ್ನವು ಸಂಸ್ಥೆಗಳ ರೂಪವನ್ನು ತಾಳಿತು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಿಂದ ಸಹಕಾರ ಸಂಘವು ಸ್ಥಾಪಿತವಾಯಿತು. ೧೯೧೧ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಸಂಪದಭ್ಯುದಯ ಸಮಾಜವು ಹುಟ್ಟಿತು. ವ್ಯವಸಾಯ, ಕೈಗಾರಿಕೆ ಮತ್ತು ವ್ಯಾಪಾರ, ವಿದ್ಯಾಭ್ಯಾಸ ಎಂದು ಅದರ ಕಾರ್ಯವು ಮೂರು ಕವಲಾಗಿ ನಡೆಯಿತು. ೧೯೧೩ರಲ್ಲಿ ಮೈಸೂರು ಬ್ಯಾಂಕೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಸಾಹಿತ್ಯಾಭಿಮಾನಿಗಳು ವಿಶೇಷವಾಗಿ ನೆನೆಯತಕ್ಕ ವಿಷಯವೆಂದರೆ, ೧೯೧೫ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಉದಯಿಸಿದ ಕನ್ನಡ ಸಾಹಿತ್ಯ ಪರಿಷತ್ತು ಈ ಸಂಪದಭ್ಯುದಯ ಸಮಾಜದ ಚಿಂತನೆಯ ಫಲವೇ ಆಗಿದೆ. ಜನರ ಭಾಷೆಯು ಬೆಳೆಯದೆ ಜನರ ಸಂಪತ್ತು ಬೆಳೆಯಲಾರದೆಂಬ ತಿಳಿವಳಿಕೆಯು ಆ ಹಿರಿಯರಲ್ಲಿದ್ದಿತು. ಅರ್ಥವೂ ಸಾಹಿತ್ಯವೂ ಒಂದೇ ಮನೆಯಲ್ಲಿ ಹುಟ್ಟಿದ ಮಕ್ಕಳೆಂದರೆ ತಪ್ಪಾಗಲಾರದು.

ಆಮೇಲೆ ಯಂತ್ರಗಳು ಬಂದುವು. ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದರು. ಮುಂದೆ ರೇಡಿಯೋ ಹಳ್ಳಿಗಳನ್ನು ಹೊಕ್ಕು ಬೆಳೆ, ಬೆಲೆ, ಮಳೆಗಳ ಮಾತನ್ನು ಹಾಡು ರೂಪಕಗಳ ನಡುವೆ ಬಿತ್ತರಿಸಿತು. ೧೯೭೨ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಚಲನಚಿತ್ರವು ಬರಡುಭೂಮಿಯನ್ನು ಹಸನುಮಾಡುವ ಕಥೆಯನ್ನು ಹೇಳಿ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳಷ್ಟು ಕಾಲ ಓಡಿತು. ಅದನ್ನು ನೋಡಿ ಪಟ್ಟಣವನ್ನು ಬಿಟ್ಟು ಬೇಸಾಯಕ್ಕೆ ಮರಳಿದವರುಂಟೆಂದು ಜನರು ಇಂದಿಗೂ ಹೇಳುವರು. ೧೯೭೪ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಗೊರೂರರ ಕಥೆಯ ಆಧಾರದ ಮೇಲೆ ಹಳ್ಳಿಯ ಸಾಲಗಾರನ ಸಂಕಟವು ಕಣ್ಣಿಗೆ ಕಟ್ಟಿತು.

‘ಬಂಗಾರದ ಮನುಷ್ಯ’ ಬಂದ ಆ ೧೯೭೨ರಲ್ಲಿಯೇ ಪ್ರೊಫೆಸರ್ ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಎಣಿಸಿದವರಲ್ಲಿ ಮೊದಲಿಗರಾದ ಈ ಪಂಡಿತರ ಸಂಸ್ಥೆಯು ಇಂದು ವಿಜಯನಗರಕ್ಕೂ ಕೆಂಗೇರಿಗೂ ನಡುವಣ ನಾಗರಭಾವಿಯಲ್ಲಿದೆ. ಚಿತ್ರವು ಲಕ್ಷಾಂತರ ಜನರನ್ನು ಮುಟ್ಟಿತು, ಆದರೆ ಎಕರೆಗೆ ಎಷ್ಟು ಖರ್ಚು, ಎಷ್ಟು ಹುಟ್ಟುವಳಿ ಎಂಬುದನ್ನು ಹೇಳಲಿಲ್ಲ. ಸಂಸ್ಥೆಯು ಎಕರೆಯ ಲೆಕ್ಕವನ್ನು ಬರೆಯಿತು, ಆದರೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಅದು ಹೊಲದವನ ಮನೆಗೆ ತಲಪಲಿಲ್ಲ. ಕಥೆ ಒಂದು ಕಡೆ, ಪ್ರಮಾಣ ಒಂದು ಕಡೆ ಎಂಬ ಹಳೆಯ ಅಗಲಿಕೆಯು ಹೀಗೆ ಮತ್ತೆ ಕಾಣಿಸಿಕೊಂಡಿತು.

ಇವೆರಡನ್ನೂ ಕೂಡಿಸುವ ಒಂದು ದೊಡ್ಡ ಪ್ರಯೋಗವು ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆಯಿತು. ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ಶಿಕ್ಷಣವನ್ನು ಒಯ್ದರು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಳಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ. ಬೇಸಾಯ, ಆರೋಗ್ಯಗಳ ಮಾತು ಹಾಡು ನಾಟಕಗಳೊಡನೆ ಕನ್ನಡದಲ್ಲಿ ಬಂದಿತು. ಒಂದು ವರ್ಷ ತುಂಬಿದೊಡನೆ ಉಪಗ್ರಹದ ಸೇವೆಯೂ ಮುಗಿಯಿತು. ಇಂದು ವಿಜಯನಗರದಲ್ಲಿ ಮೊಬೈಲ್ ಹಿಡಿದು ಅರ್ಥಶಾಸ್ತ್ರವನ್ನು ಕಲಿಯುವ ತರುಣರಲ್ಲಿ ಅನೇಕರು ಆ ಮೂರು ಜಿಲ್ಲೆಗಳ ಸೀಮೆಯಿಂದಲೇ ಬಂದವರು. ಅಜ್ಜಂದಿರು ಊರಿಗೊಂದರಂತಿದ್ದ ಪೆಟ್ಟಿಗೆಯ ಮುಂದೆ ನೆರೆದಿದ್ದರು. ಮೊಮ್ಮಕ್ಕಳು ಒಬ್ಬೊಬ್ಬರೇ ಕುಳಿತು ನೋಡುವರು. ಅಂದು ನೋಡಿ ಮುಗಿದಮೇಲೆ ಊರವರು ಪರಸ್ಪರ ಚರ್ಚಿಸುವ ಅವಕಾಶವಿದ್ದಿತು. ಇಂದು ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಮತ್ತೊಂದು ತಾನಾಗಿ ಓಡತೊಡಗುವುದು.

ಹಾಗಾದರೆ ಈ ವಿಡಿಯೋಗಳಿಂದ ಪ್ರಯೋಜನವಿಲ್ಲವೇ? ಉಂಟು, ಬಹಳವಾಗಿ ಉಂಟು. ಬೆಂಗಳೂರಿನ ಮನೆಮನೆಗೂ ಪರಿಚಿತವಾದ ಚೀಟಿಯನ್ನೇ ತೆಗೆದುಕೊಳ್ಳಬಹುದು. ಇಪ್ಪತ್ತು ಮಂದಿ ತಿಂಗಳಿಗೆ ೫,೦೦೦ ರೂಪಾಯಿಯಂತೆ ಹಾಕಿದರೆ ಒಂದು ಲಕ್ಷವಾಗುವುದು. ಅವಸರವಿರುವವನೊಬ್ಬನು ಮೊದಲನೆಯ ತಿಂಗಳಲ್ಲಿಯೇ ಕೂಗಿ ೮೦,೦೦೦ಕ್ಕೆ ಎತ್ತಿದನೆನ್ನೋಣ. ಉಳಿದ ೨೦,೦೦೦ದಲ್ಲಿ ಚೀಟಿ ನಡೆಸುವವನ ಪಾಲು ೫,೦೦೦ ಹೋದರೆ ೧೫,೦೦೦ ಉಳಿಯುವುದು. ತಲೆಗೆ ೭೫೦ರಂತೆ ಹಂಚಿ ಆ ತಿಂಗಳು ಪ್ರತಿಯೊಬ್ಬನೂ ೪,೨೫೦ ಕಟ್ಟುವನು. ಎತ್ತಿದವನು ಉಳಿತಾಯಗಾರನಲ್ಲ, ಸಾಲಗಾರ. ಕೊನೆಯವರೆಗೆ ಕಾದವನೇ ಉಳಿತಾಯಗಾರ. ಒಂದೇ ಚೀಟಿಯಲ್ಲಿ ಈ ಇಬ್ಬರೂ ಕುಳಿತಿರುವರೆಂಬುದನ್ನು ನಗೆಮಾತಿನ ವಿಡಿಯೋವೊಂದು ಮೂರು ನಿಮಿಷದಲ್ಲಿ ಮನಗಾಣಿಸಬಲ್ಲದು. ಎತ್ತಿದವನಿಗೆ ಬಿದ್ದ ಬಡ್ಡಿಯೆಷ್ಟು, ಆ ಚೀಟಿಯು ೧೯೮೨ರ ಚಿಟ್ ಫಂಡ್ ಕಾಯಿದೆಯಂತೆ ನೋಂದಣಿಯಾಗಿದೆಯೇ ಎಂಬುದನ್ನು ಮಾತ್ರ ಕಾಗದ ಪೆನ್ಸಿಲು ಹಿಡಿದು, ಪತ್ರಗಳನ್ನು ತೆಗೆದುನೋಡಿ ತಿಳಿಯಬೇಕು.

ತಿಳಿಯದಿದ್ದರೆ ಏನಾಗುವುದೆಂಬುದಕ್ಕೆ ೨೦೨೦ರ ಜನವರಿಯೇ ಸಾಕ್ಷಿ. ಆಗ ರಿಸರ್ವ್ ಬ್ಯಾಂಕು ಬೆಂಗಳೂರಿನ ಸಹಕಾರ ಬ್ಯಾಂಕೊಂದರ ಠೇವಣಿದಾರರು ೩೫,೦೦೦ ರೂಪಾಯಿಗಿಂತ ಹೆಚ್ಚು ಹಣವನ್ನು ತೆಗೆಯದಂತೆ ನಿರ್ಬಂಧಿಸಿತು. ಜೀವಮಾನದ ಗಳಿಕೆಯನ್ನು ಅಲ್ಲಿಟ್ಟಿದ್ದ ವೃದ್ಧರು ಬೀದಿಯಲ್ಲಿ ಸಾಲುನಿಂತರು. ಠೇವಣಿಗೆ ವಿಮೆಯುಂಟೆಂಬುದೂ ಅದು ಆಗ ಒಂದು ಲಕ್ಷಕ್ಕೆ ಮಾತ್ರ ಸೀಮಿತವಾಗಿದ್ದಿತೆಂಬುದೂ ಎಷ್ಟೋ ಸುಶಿಕ್ಷಿತರಿಗೆ ಅಂದೇ ತಿಳಿದುಬಂದಿತು. ೨೦೨೦ರ ಫೆಬ್ರವರಿ ೪ರಿಂದ ಆ ಮಿತಿಯು ಐದು ಲಕ್ಷಕ್ಕೆ ಏರಿತು. ೨೦೨೧ರ ತಿದ್ದುಪಡಿಯು ಇಂತಹ ನಿರ್ಬಂಧ ಬಿದ್ದಾಗ ತೊಂಬತ್ತು ದಿನಗಳೊಳಗೆ ವಿಮೆಯ ಹಣವು ದೊರೆಯುವಂತೆ ಮಾಡಿತು. ಹೆಚ್ಚು ಬಡ್ಡಿ ಬರುವ ಕಡೆ ಹೆಚ್ಚು ಅಪಾಯವೂ ಇರಬಹುದೆಂಬ ಒಂದು ವಾಕ್ಯವನ್ನು ಸಕಾಲದಲ್ಲಿ ಹೇಳುವವರಿದ್ದಿದ್ದರೆ ಎಷ್ಟೋ ಮನೆಗಳು ತಮ್ಮ ಹಣವನ್ನು ನಾಲ್ಕು ಕಡೆ ಹಂಚಿಡುತ್ತಿದ್ದುವು. ಅದನ್ನು ಹೇಳುವ ಕನ್ನಡ ವಿಡಿಯೋಗಳು ಈಗ ಉಂಟು. ಅವುಗಳ ಪಕ್ಕದಲ್ಲಿಯೇ ಷೇರಿನಿಂದ ತಿಂಗಳೊಳಗೆ ಶ್ರೀಮಂತರಾಗುವ ಬೋಧೆಯೂ ಉಂಟು. ಇಂತಹ ಅನಧಿಕೃತ ಸಲಹೆಗಾರರೊಡನೆ ನೋಂದಾಯಿತ ಸಂಸ್ಥೆಗಳು ಸಂಬಂಧವಿಟ್ಟುಕೊಳ್ಳಬಾರದೆಂದು ಸೆಬಿಯು ೨೦೨೪ರಲ್ಲಿ ನಿಯಮಮಾಡಬೇಕಾಯಿತು. ವಿಷ್ಣುಶರ್ಮನಿಗೆ ತನ್ನ ಕಥೆಗಳಿಂದ ಶಿಷ್ಯರು ನೀತಿಜ್ಞರಾಗುವುದೇ ಲಾಭವಾಗಿದ್ದಿತು. ನೋಡುವವರ ಸಂಖ್ಯೆಯಿಂದಲೋ ಮಾರುವ ಸರಕಿನಿಂದಲೋ ಲಾಭ ಪಡೆಯುವ ಬೋಧಕನ ವಿಷಯದಲ್ಲಿ ಶಿಷ್ಯನೇ ಎಚ್ಚರವಾಗಿರಬೇಕು.

ಇಷ್ಟರಿಂದ ತಿಳಿಯತಕ್ಕುದಿಷ್ಟು. ವಿನೋದದಿಂದ ಅರ್ಥವಿದ್ಯೆಯನ್ನು ಕಲಿಸುವುದು ಈ ನಾಡಿಗೆ ಸಾವಿರ ವರ್ಷಗಳ ವಾಡಿಕೆ. ಅದನ್ನು ಹಳಿಯಲು ಕಾರಣವಿಲ್ಲ. ಆದರೆ ದುರ್ಗಸಿಂಹನ ಕಥೆಯ ಜೊತೆಗೆ ರಾಜಾದಿತ್ಯನ ಲೆಕ್ಕವೂ, ಶಾಮಶಾಸ್ತ್ರಿಗಳು ಬೆಳಕಿಗೆ ತಂದಂತಹ ಮೂಲಗ್ರಂಥವೂ ಕೂಡಿಬಂದಾಗಲೇ ವಿದ್ಯೆಯು ಪೂರ್ಣವಾಗುವುದು. ವಿಡಿಯೋವನ್ನು ನೋಡಿದ ತರುಣನು ಅಂದಿನ ಪಾಠದ ಒಂದು ಲೆಕ್ಕವನ್ನು ತಾನೇ ಮಾಡಿ, ಅದೇ ವಿಷಯವನ್ನು ಮುದ್ರಿತ ಗ್ರಂಥದಲ್ಲಿ ಒಮ್ಮೆ ಓದಿದರೆ ಪರೀಕ್ಷೆಯಲ್ಲಿಯೂ ಬಾಳಿನಲ್ಲಿಯೂ ಉಪಯೋಗಕ್ಕೆ ಬಂದೀತು. ಅಂತಹ ಗ್ರಂಥಗಳು ತಿಳಿಗನ್ನಡದಲ್ಲಿ ಇನ್ನೂ ಸಾಕಷ್ಟಿಲ್ಲದಿರುವುದೇ ಇಲ್ಲಿಯ ಕೊರತೆ. ಸಂಪದಭ್ಯುದಯ ಸಮಾಜದ ಚಿಂತನೆಯಿಂದ ಹುಟ್ಟಿದ ಪರಿಷತ್ತೂ, ಅದರ ದಾರಿಯಲ್ಲಿ ನಡೆಯುವ ಜಿಲ್ಲಾ ಸಂಘಗಳೂ ಕಥೆ ಕವಿತೆಗಳೊಡನೆ ಇಂತಹ ಗ್ರಂಥಗಳನ್ನೂ ಬರೆಯಿಸಿ, ನಾಗರಭಾವಿಯ ಪಂಡಿತರ ಲೆಕ್ಕವನ್ನು ವಿಜಯನಗರದ ವಿದ್ಯಾರ್ಥಿಯ ಮೇಜಿಗೆ ತಲಪಿಸುವುದಾದರೆ ೧೯೧೫ರ ಹಿರಿಯರ ಸಂಕಲ್ಪವು ನೆರವೇರಿದಂತಾಗುವುದು.